ಹಳದಿ ಹೂವಿನ ಬೆನ್ನು ನೋಡಿ

ಮಳೆಗಾಲದಲ್ಲಿ ಉತ್ತರಾಖಂಡದ ಹೂವುಗಳ ಕಣಿವೆಗೆ ಹೋಗಿಬಂದವರ ಮೊಬೈಲಿನಲ್ಲಿ ಎರಡು ಬಗೆಯ ಚಿತ್ರಗಳಿರುತ್ತವೆ. ನೀಲಿ ಗಸಗಸೆ, ಬ್ರಹ್ಮಕಮಲದಂಥವು ಮೊದಲ ಬಗೆ. ಅವುಗಳ ಹೆಸರನ್ನು ದಾರಿ ತೋರಿಸುವವರೇ ಹೇಳಿರುತ್ತಾರೆ. ಉಳಿದವು ಹಳದಿ ಹೂಗಳು. ಸೂರ್ಯಕಾಂತಿಯನ್ನು ಕುಗ್ಗಿಸಿದ ಹಾಗೆ ಕಾಣುವ ಈ ಹೂಗಳ ಚಿತ್ರಗಳು ಹತ್ತಾರು ಇರುತ್ತವೆ, ಹೆಸರು ಒಂದಕ್ಕೂ ಇರುವುದಿಲ್ಲ. ಊರಿಗೆ ಬಂದ ಮೇಲೆ ‘ಇದು ಯಾವ ಹೂ?’ ಎಂದು ಬಲ್ಲವರಿಗೆ ಕಳಿಸಿದರೆ, ‘ಸೂರ್ಯಕಾಂತಿ ಕುಟುಂಬದ್ದು, ಇದಕ್ಕಿಂತ ಹೆಚ್ಚು ಹೇಳಲಾಗದು’ ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ನಿರಾಸೆಯಾಗುತ್ತದೆ. ಆದರೆ ಆ ಉತ್ತರ ಪ್ರಾಮಾಣಿಕವಾದದ್ದು. ಏಕೆಂದರೆ ಗುರುತು ಹಿಡಿಯಲು ಬೇಕಾದ ಯಾವ ಅಂಗವೂ ಆ ಚಿತ್ರದಲ್ಲಿ ಇರುವುದಿಲ್ಲ. ಎಲ್ಲರೂ ಹೂವಿನ ಮುಖವನ್ನು ಮೇಲಿನಿಂದ ತೆಗೆಯುತ್ತಾರೆ. ಈ ಕುಟುಂಬದಲ್ಲಿ ಗುರುತಿರುವುದು ಹೂವಿನ ಬೆನ್ನಿನಲ್ಲಿ, ಎಲೆಯಲ್ಲಿ, ಕಾಯಿಯಲ್ಲಿ.

ತೊಂದರೆ ಹಿಮಾಲಯಕ್ಕೆ ಮಾತ್ರ ಸೇರಿದ್ದಲ್ಲ. ಯುರೋಪಿನ ಆಲ್ಪ್ಸ್‌ನಲ್ಲಿ, ಅಮೆರಿಕದ ರಾಕಿ ಪರ್ವತಗಳಲ್ಲಿ, ಮರಗಳ ಸಾಲು ಮುಗಿದು ಹುಲ್ಲುಗಾವಲು ಶುರುವಾಗುವ ಎತ್ತರದಲ್ಲೆಲ್ಲ ಇದೇ ಪ್ರಶ್ನೆ ಏಳುತ್ತದೆ. ಅಮೆರಿಕದ ಸಸ್ಯವಿಜ್ಞಾನಿಗಳು ಬೇಸತ್ತು ಇವಕ್ಕೆಲ್ಲ ಒಟ್ಟಾಗಿ ‘ಡಿವೈಸಿ’ ಎಂಬ ಅಡ್ಡಹೆಸರಿಟ್ಟಿದ್ದಾರೆ. ‘ಹಾಳು ಹಳದಿ ಕಂಪೋಸಿಟ್’ ಎಂದು ಅದರ ಭಾವ. ಹಾಗೆ ಬೈದವರೇ ಇವನ್ನು ಬಿಡಿಸಿ ನೋಡುವ ಕ್ರಮವನ್ನೂ ರೂಪಿಸಿದ್ದಾರೆ. ಆ ಕ್ರಮ ಏನು, ಅದು ಎಲ್ಲಿಯವರೆಗೆ ನಮ್ಮ ಕೈ ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಇಲ್ಲಿನ ವಿಷಯ.

ಸೂರ್ಯಕಾಂತಿ ಕುಟುಂಬವೆಂದರೆ ಆಸ್ಟರೇಸಿ. ಹಿಂದೆ ಕಂಪೋಸಿಟೇ ಎನ್ನುತ್ತಿದ್ದರು. ಹೂಬಿಡುವ ಸಸ್ಯಗಳ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು. ಇದರಲ್ಲಿ 1,600ರಷ್ಟು ಜಾತಿಗಳೂ ಸುಮಾರು 25,000 ಪ್ರಭೇದಗಳೂ ಇವೆ. ನಮ್ಮ ಹೊಲದ ಹುಚ್ಚೆಳ್ಳು, ತೋಟದ ಸೇವಂತಿಗೆ, ಚೆಂಡುಹೂ ಎಲ್ಲ ಇದರವೇ. ನಾವು ಒಂದು ಹೂ ಎಂದುಕೊಳ್ಳುವುದು ಇಲ್ಲಿ ನೂರಾರು ಕಿರುಹೂಗಳ ಒಂದು ಗೊಂಚಲು. ಒಂದು ಸೂರ್ಯಕಾಂತಿಯನ್ನು ಮುರಿದು ನೋಡಿದರೆ ನಡುವೆ ಒತ್ತೊತ್ತಾಗಿ ಕೂತ ಕೊಳವೆಗಳು ಕಾಣುತ್ತವೆ. ಪ್ರತಿಯೊಂದು ಕೊಳವೆಯೂ ಒಂದು ಪೂರ್ಣ ಹೂ, ಪ್ರತಿಯೊಂದರ ಬುಡದಲ್ಲೂ ಒಂದೇ ಒಂದು ಬೀಜ. ಸುತ್ತಲಿನ ಹಳದಿ ಪಟ್ಟಿಗಳನ್ನು ದಳವೆನ್ನುತ್ತೇವಲ್ಲ, ಅವೂ ಒಂದೊಂದು ಬೇರೆ ಬೇರೆ ಹೂವೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಆನ್ರಿ ಕ್ಯಾಸಿನಿ ಈ ಕಿರುಹೂಗಳ ರಚನೆಯನ್ನು ಒಂದೊಂದಾಗಿ ಬಿಡಿಸಿ ವಿವರಿಸಿದ. ಕುಟುಂಬವನ್ನು ಒಳಗುಂಪುಗಳಾಗಿ ವಿಂಗಡಿಸಲು ಅವನ ಕೆಲಸವೇ ತಳಪಾಯವಾಯಿತು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ಕಣ್ಣೆದುರಿನ ಹಳದಿ ಹೂ ಈ ಕುಟುಂಬದ್ದೇ ಹೌದೇ ಎಂದು. ಎತ್ತರದ ಬುಗ್ಯಾಲುಗಳಲ್ಲಿ, ಅಂದರೆ ಗಢವಾಲಿನವರ ಮೇವಿನ ಹುಲ್ಲುಗಾವಲುಗಳಲ್ಲಿ, ಪೊಟೆಂಟಿಲ್ಲಾ, ಕ್ಯಾಲ್ಥಾ, ರಾನನ್‌ಕ್ಯುಲಸ್ ಇವೆಲ್ಲ ಹಳದಿಯೇ. ಅವು ಒಂಟಿ ಹೂಗಳು. ಸಾಮಾನ್ಯವಾಗಿ ಬೆರಳೆಣಿಕೆಯ ಎಸಳುಗಳು, ನಡುವೆ ಕೇಸರಗಳ ಕುಚ್ಚು. ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಇರುವುದು ಕೇಸರವೋ ಪುಟ್ಟ ಪುಟ್ಟ ಹೂಗಳೋ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಸಣ್ಣ ಮಸೂರವೊಂದು ಕೊರಳಲ್ಲಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಕುಟುಂಬ ಖಚಿತವಾದ ಮೇಲೆ ಅಂಚಿನ ಪಟ್ಟಿಗಳತ್ತ ಬರೋಣ. ಕೆಲವು ಗಿಡಗಳಲ್ಲಿ ಹೂವಿಡೀ ಪಟ್ಟಿಗಳೇ, ನಡುವೆ ಕೊಳವೆಗಳಿಲ್ಲ. ಡ್ಯಾಂಡೆಲಿಯನ್ ಎಂದು ಹೆಸರಾದ ಟರಾಕ್ಸಕಮ್ ಹೀಗೆ. ಇವುಗಳ ಪಟ್ಟಿಯ ತುದಿಯಲ್ಲಿ ಐದು ಹಲ್ಲುಗಳಿರುತ್ತವೆ, ಕಾಂಡ ಮುರಿದರೆ ಹಾಲು ಒಸರುತ್ತದೆ. ನಡುವೆ ಕೊಳವೆ, ಅಂಚಿನಲ್ಲಿ ಪಟ್ಟಿ ಎರಡೂ ಇರುವ ಹೂಗಳಲ್ಲಿ ಪಟ್ಟಿಯ ತುದಿಗೆ ಸಾಮಾನ್ಯವಾಗಿ ಎರಡು ಮೂರು ಹಲ್ಲುಗಳಷ್ಟೆ. ಪಟ್ಟಿಗಳು ಎಷ್ಟಿವೆ, ಅಗಲವೋ ದಾರದಂತೆ ಸಪುರವೋ ಎನ್ನುವುದೂ ಮುಖ್ಯ. ಹಿಮಾಲಯದ ಇನುಲಾ ಗ್ರಾಂಡಿಫ್ಲೋರಾದಲ್ಲಿ ಪಟ್ಟಿಗಳು ಸಪುರವಾಗಿ, ಲೆಕ್ಕ ಸಿಗದಷ್ಟು ಇರುತ್ತವೆ. ಇಷ್ಟು ಮಾತ್ರಕ್ಕೆ ಹೂವಿನ ಮುಖ ನೆರವಾಗುತ್ತದೆ. ಇನ್ನು ಮುಂದಕ್ಕೆ ಹೂವನ್ನು ಮೆಲ್ಲನೆ ಓರೆ ಮಾಡಿ ತಳಭಾಗ ನೋಡದೆ ಗತ್ಯಂತರವಿಲ್ಲ.

ತಳದಲ್ಲಿ ಇಡೀ ಗೊಂಚಲನ್ನು ಸುತ್ತುವರಿದು ಹಿಡಿದ ಹಸಿರು ಪುಟ್ಟ ಎಲೆಗಳಿವೆ. ಪುಷ್ಪಪತ್ರಗಳೆಂದು ಇವುಗಳ ಹೆಸರು. ನನ್ನ ಮಟ್ಟಿಗೆ ಈ ಕುಟುಂಬದ ಬಾಗಿಲು ತೆರೆಯುವುದು ಇಲ್ಲಿ. ಸೆನೆಸಿಯೊ ಗುಂಪಿನಲ್ಲಿ ಇವು ಒಂದೇ ಸಾಲು, ಎಲ್ಲವೂ ಒಂದೇ ಎತ್ತರ, ಬಿದಿರಿನ ತಟ್ಟಿಬೇಲಿ ಕಟ್ಟಿದ ಹಾಗೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಆ ಸಾಲಿನ ಬುಡದಲ್ಲಿ ಒಂದಿಷ್ಟು ಅತಿ ಸಣ್ಣ ಪತ್ರಗಳು, ಎಷ್ಟೋ ಪ್ರಭೇದಗಳಲ್ಲಿ ತುದಿಗೆ ಕಪ್ಪು ಚುಕ್ಕೆ. ಡೊರೊನಿಕಮ್‌ನಲ್ಲಿ ಎರಡು ಮೂರು ಸಾಲು, ಉದ್ದ ಹೆಚ್ಚುಕಡಿಮೆ ಒಂದೇ, ತುದಿ ಚೂಪು. ಇನುಲಾದಲ್ಲಿ ಹಲವು ಸಾಲುಗಳು ಒಂದರ ಮೇಲೊಂದು ಏರಿಕೊಂಡು, ಹೊರಗಿನವು ಎಲೆಯಂತೆಯೇ ಚಾಚಿಕೊಂಡಿರುತ್ತವೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮೂರೂ ಒಂದೇ. ಕೆಳಗಿನಿಂದ ತೆಗೆದರೆ ಮೂರನ್ನೂ ಶಾಲೆಯ ಮಕ್ಕಳು ಕೂಡ ಬೇರ್ಪಡಿಸಬಲ್ಲರು.

ಎಲೆಯ ಜೋಡಣೆಯ ಮಹತ್ವಕ್ಕೆ ಆಲ್ಪ್ಸ್‌ನ ಆರ್ನಿಕಾಗಿಂತ ಒಳ್ಳೆಯ ಉದಾಹರಣೆ ಸಿಗದು. ನಮ್ಮ ಊರುಗಳ ಹೋಮಿಯೋಪಥಿ ಅಂಗಡಿಯಲ್ಲಿ ಆರ್ನಿಕಾ ಎಣ್ಣೆ, ಆರ್ನಿಕಾ ಮುಲಾಮು ಕಂಡವರು ಬಹಳ ಮಂದಿ. ಆ ಹೆಸರಿನ ಮೂಲ ಗಿಡ ಆರ್ನಿಕಾ ಮೊಂಟಾನಾ, ಯುರೋಪಿನ ಬೆಟ್ಟಗಳ ಬಡ ಮಣ್ಣಿನ, ಹುಳಿ ಮಣ್ಣಿನ ಹುಲ್ಲುಗಾವಲಿನಲ್ಲಿ ಬೆಳೆಯುವಂಥದ್ದು. ಸುಣ್ಣ, ಗೊಬ್ಬರ ಬಿದ್ದ ಕಡೆ ಅದು ಉಳಿಯುವುದಿಲ್ಲ. ಯುರೋಪಿಯನ್ ಒಕ್ಕೂಟದ 1992ರ ಆವಾಸ ಸಂರಕ್ಷಣಾ ನಿಯಮದಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಕಿತ್ತಳೆ ಮಿಶ್ರಿತ ಹಳದಿಯ ಅದರ ಹೂವನ್ನು ಹೋಲುವ ಗಿಡಗಳು ಅಕ್ಕಪಕ್ಕದಲ್ಲೇ ನಾಲ್ಕಾರು ಇವೆ. ಅವುಗಳ ಕಾಂಡದ ಮೇಲೆ ಎಲೆಗಳು ಒಂದು ಈ ಕಡೆ, ಒಂದು ಆ ಕಡೆ ಎಂದು ಪರ್ಯಾಯವಾಗಿ ಬರುತ್ತವೆ. ಆರ್ನಿಕಾದ ಕಾಂಡದಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿರುತ್ತವೆ. ನೆಲಕ್ಕೆ ಅಂಟಿಕೊಂಡ ಬುಡದ ಎಲೆಗಳ ವರ್ತುಲ, ಕಾಂಡದಲ್ಲಿ ಒಂದೆರಡು ಜೋಡಿ ಎಲೆ, ತುದಿಯಲ್ಲಿ ಹೂ. ಕಾಡಿನಿಂದ ಹೂ ಕೊಯ್ದು ಮಾರುವವರಿಗೆ ಈ ಒಂದು ಲಕ್ಷಣ ಗೊತ್ತಿದ್ದರೆ ಸಾಕು, ಬೇರೆ ಗಿಡ ಬೆರೆಯುವುದಿಲ್ಲ. ಒಣಗಿಸಿದ ಹೂ ಮಾರುಕಟ್ಟೆಗೆ ಬಂದ ಮೇಲೆ ಮಾತ್ರ ಕಷ್ಟ. ಮೆಕ್ಸಿಕೋದ ಹೆಟೆರೊಥಿಕಾ ಇನುಲಾಯ್ಡಿಸ್ ಎಂಬ ಇನ್ನೊಂದು ಹಳದಿ ಹೂ ಅದೇ ಆರ್ನಿಕಾ ಹೆಸರಿನಲ್ಲಿ ಸೇರಿಹೋಗುತ್ತದೆ. ಆಗ ಎಲೆಯೂ ಇಲ್ಲ, ಕಾಂಡವೂ ಇಲ್ಲ. ಪ್ರಯೋಗಾಲಯವೇ ಗತಿ.

ಆರ್ನಿಕಾ ಜಾತಿಯಲ್ಲಿ ಮೂವತ್ತರಷ್ಟು ಪ್ರಭೇದಗಳಿದ್ದು, ಬಹುಪಾಲು ಉತ್ತರ ಅಮೆರಿಕದ ಪಶ್ಚಿಮದಲ್ಲಿವೆ, ಉಳಿದವು ಯುರೋಪ್ ಮತ್ತು ಉತ್ತರ ಏಷ್ಯಾದಲ್ಲಿ. ಹಿಮಾಲಯದ ಕಾಡುಹೂಗಳಲ್ಲಿ ಆರ್ನಿಕಾ ಇಲ್ಲ. ಹಾಗಾಗಿ ಉತ್ತರಾಖಂಡದ ಜೋಶಿಮಠದ ಮೇಲಿನ ಬೆಟ್ಟದಲ್ಲಿ ತೆಗೆದ ಚಿತ್ರಕ್ಕೆ ಮೊಬೈಲಿನ ಆ್ಯಪ್ ‘ಆರ್ನಿಕಾ’ ಎಂದರೆ, ಬೇರೇನನ್ನೂ ನೋಡದೆ ಅದನ್ನು ತಳ್ಳಿಹಾಕಬಹುದು. ಎಲ್ಲಿ ಬೆಳೆದಿತ್ತು, ಎಷ್ಟು ಎತ್ತರದಲ್ಲಿ ಎಂಬುದೂ ಗಿಡದ ಲಕ್ಷಣವೇ.

ಈಗ ಹಿಮಾಲಯದ್ದೇ ಒಂದು ಹೂವನ್ನು ಹತ್ತಿರದಿಂದ ನೋಡೋಣ. ಹೂವುಗಳ ಕಣಿವೆಯ ನೆರೆಯ ಹೇಮಕುಂಡದ ಕಡೆ ಏರುವಾಗ 4,000 ಮೀಟರ್ ದಾಟಿದ ಮೇಲೆ, ಕಲ್ಲುಬಂಡೆಗಳ ಸಂದಿನಲ್ಲಿ ನೀರು ಜಿನುಗುವ ಜಾಗದಲ್ಲಿ, ಗೇಣುದ್ದದ ಕಾಂಡದ ತುದಿಯಲ್ಲಿ ತಲೆ ಬಗ್ಗಿಸಿ ನಿಂತ ಒಂಟಿ ಹಳದಿ ಹೂ ಕಾಣಸಿಗುತ್ತದೆ. ಬಗ್ಗಿ ಕೂತು ನೋಡಿದರೆ ಬಗ್ಗಿದ ಕುತ್ತಿಗೆಯ ಮೇಲೆ, ಹೂವಿನ ಬೆನ್ನಿನ ತುಂಬ ಕಪ್ಪನೆಯ ರೋಮ. ಪುಷ್ಪಪತ್ರಗಳು ಒಂದೇ ಸುತ್ತಿನಲ್ಲಿ ಕೂಡಿಕೊಂಡಿವೆ, ಹಸಿರಿಗಿಂತ ಕಪ್ಪೇ ಹೆಚ್ಚು. ಪಟ್ಟಿಗಳು ಉದ್ದವಾಗಿ ಇಳಿಬಿದ್ದಿವೆ. ಬುಡದ ಎಲೆಗಳು ದೀರ್ಘವೃತ್ತಾಕಾರ, ತುಸು ದಪ್ಪ, ಕಾಂಡವನ್ನು ಅಪ್ಪಿದ ಒರೆಯಿಂದ ಹೊರಟಿವೆ. ಇದು ಕ್ರೆಮ್ಯಾಂಥೋಡಿಯಂ ಎಲ್ಲಿಸಿಐ. ಇದರ ಹತ್ತಿರದ ಸಂಬಂಧಿ ಕ್ರೆಮ್ಯಾಂಥೋಡಿಯಂ ಡಿಕೇಸ್ನಿಐನಲ್ಲೂ ಹೂ ಹೀಗೆಯೇ ಬಗ್ಗಿರುತ್ತದೆ. ಆದರೆ ಎಲೆ ಮೂತ್ರಪಿಂಡದ ಆಕಾರದ್ದು, ತಿರುಗಿಸಿ ನೋಡಿದರೆ ಅಡಿಭಾಗದಲ್ಲಿ ಕಂದು ತುಪ್ಪಳ. ಕ್ರೆಮ್ಯಾಂಥೋಡಿಯಂ ಆರ್ನಿಕಾಯ್ಡಿಸ್ ಇನ್ನೂ ಎತ್ತರದ ಗಿಡ, ಒಂದೇ ಕಾಂಡದಲ್ಲಿ ಹಲವು ಹೂಗಳು. ಮೂರನ್ನೂ ಬೇರೆ ಮಾಡಿದ್ದು ಎಲೆ ಮತ್ತು ಹೂಗಳ ಸಂಖ್ಯೆ ಎಂಬುದನ್ನು ಗಮನಿಸಿ. ಹೂವಿನ ಮುಖದ ಬಣ್ಣಕ್ಕೆ ಅದರಲ್ಲಿ ಪಾತ್ರವೇ ಇಲ್ಲ.

ಕ್ರೆಮ್ಯಾಂಥೋಡಿಯಂ ಹಿಮಾಲಯ ಮತ್ತು ನೈಋತ್ಯ ಚೀನಾದ ಬೆಟ್ಟಗಳಿಗಷ್ಟೇ ಸೇರಿದ ಜಾತಿ. ತಲೆ ಬಗ್ಗಿಸುವ ಅದರ ಅಭ್ಯಾಸ ಮಳೆಯಿಂದ ಪರಾಗವನ್ನು ಕಾಪಾಡಲೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಮುಂಗಾರಿನ ನಡುವೆಯೇ ಹೂಬಿಡಬೇಕಾದ ಗಿಡಕ್ಕೆ ಅದು ಸಣ್ಣ ಅನುಕೂಲವಲ್ಲ. ಹೇಮಕುಂಡದ ಅದೇ ದಾರಿಯಲ್ಲಿ ಸ್ವಲ್ಪ ಕೆಳಗೆ, ತೊರೆಯ ದಡದಲ್ಲಿ, ಸೊಂಟದೆತ್ತರ ಬೆಳೆದು ದೊಡ್ಡ ಎಲೆಗಳ ಒರೆಯಿಂದ ಕಾಂಡವನ್ನೇ ತಬ್ಬಿಕೊಂಡಿರುವ ಲಿಗುಲೇರಿಯಾ ಆಂಪ್ಲೆಕ್ಸಿಕಾಲಿಸ್ ಇದೆ. ಅದರ ಹೂಗಳು ಗುಂಪಾಗಿ ನೆಟ್ಟಗೆ ನಿಲ್ಲುತ್ತವೆ. ಇವೆರಡು ಜಾತಿಗಳ ನಡುವಿನ ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಂಡರೂ ಡಿಎನ್‌ಎ ಪರೀಕ್ಷೆಯಲ್ಲಿ ಅಷ್ಟು ಸ್ಪಷ್ಟವಾಗಿ ಉಳಿದಿಲ್ಲ. ಎರಡರ ವಂಶಾವಳಿಯೂ ಒಂದರೊಳಗೊಂದು ಹೆಣೆದುಕೊಂಡಿದೆ.

ಬ್ರಹ್ಮಕಮಲವನ್ನು ಇಲ್ಲೇ ಹೇಳಿಬಿಡಬೇಕು. ಉತ್ತರಾಖಂಡದ ರಾಜ್ಯಪುಷ್ಪವಾದ ಅದು, ಸಾಸ್ಸೂರಿಯಾ ಒಬ್ವಲ್ಲಾಟಾ, ಸೂರ್ಯಕಾಂತಿ ಕುಟುಂಬದ್ದೇ. ದೂರಕ್ಕೆ ತಿಳಿಹಳದಿಯಾಗಿ ಹೊಳೆಯುವುದು ಅದರ ಹೂವಲ್ಲ, ದೋಣಿಯಾಕಾರದ ದೊಡ್ಡ ಪತ್ರಗಳು. ಅವುಗಳ ಮರೆಯಲ್ಲಿ ನೇರಳೆ ಬಣ್ಣದ ಕಿರುಹೂಗಳ ಗುಂಪು ಬೆಚ್ಚಗೆ ಅಡಗಿರುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬಿಳಿಯ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ.

ಕಾಯಿಯ ತಲೆಯ ಮೇಲಿನ ಕುಚ್ಚು ಮತ್ತೊಂದು ಆಧಾರ. ಸೆನೆಸಿಯೊ, ಕ್ರೆಮ್ಯಾಂಥೋಡಿಯಂ, ಆರ್ನಿಕಾಗಳಲ್ಲಿ ಅದು ಗಾಳಿಗೆ ಹಾರುವ ರೋಮಗಳ ಕುಚ್ಚು. ಡೊರೊನಿಕಮ್‌ನ ಹಲವು ಪ್ರಭೇದಗಳಲ್ಲಿ ನಡುವಿನ ಕಾಯಿಗಳಿಗೆ ಕುಚ್ಚುಂಟು, ಅಂಚಿನ ಕಾಯಿಗಳಿಗಿಲ್ಲ. ರಾಕಿ ಪರ್ವತಗಳ ಹೈಮೆನಾಕ್ಸಿಸ್ ಗ್ರಾಂಡಿಫ್ಲೋರಾದಲ್ಲಿ ರೋಮದ ಬದಲು ತೆಳು ಹೊಟ್ಟಿನಂಥ ಹುರುಪೆಗಳು. ಕೊಲರಾಡೋದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ 3,700 ಮೀಟರಿನವರೆಗೂ ಏರುವ ಟ್ರೇಲ್ ರಿಡ್ಜ್ ರಸ್ತೆಯ ಇಕ್ಕೆಲಗಳಲ್ಲಿ ಈ ಹೂ ಧಾರಾಳ. ಗಿಡ ಗೇಣುದ್ದ ದಾಟುವುದಿಲ್ಲ. ಹೂವಾದರೋ ಅಂಗೈ ತುಂಬುವಷ್ಟು. ಮೈತುಂಬ ಬಿಳಿ ತುಪ್ಪಳ ಇರುವುದರಿಂದ ಅಲ್ಲಿನವರು ಇದನ್ನು ‘ಬೆಟ್ಟದ ಮುದುಕ’ ಎನ್ನುತ್ತಾರೆ. ಅರಳಿದ ಹೂಗಳೆಲ್ಲ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತವೆ. ವರ್ಷಗಟ್ಟಲೆ ಬೇರಿನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಒಂದೇ ಬೇಸಿಗೆಯಲ್ಲಿ ಹೂವಿಗೆ ಸುರಿದು ಗಿಡ ಸಾಯುತ್ತದೆ. ಒಂದು ಹೂ ಕಿತ್ತರೆ ಅಷ್ಟೂ ವರ್ಷಗಳ ಬಾಳು ಬೀಜವಿಲ್ಲದೆ ಮುಗಿದಂತೆ. ಅದರ ನೆರೆಯಲ್ಲೇ ಬೆಳೆಯುವ ಟೆಟ್ರಾನ್ಯೂರಿಸ್ ಅಕಾಲಿಸ್ ಎಂಬ ಗಿಡ್ಡ ಹಳದಿ ಹೂವಿನಿಂದ ಇದನ್ನು ಬೇರ್ಪಡಿಸುವುದೂ ಎಲೆಯೇ. ಮುದುಕನ ಎಲೆ ಸಪುರ ಸೀಳುಗಳಾಗಿ ಒಡೆದಿರುತ್ತದೆ, ನೆರೆಯದರ ಎಲೆ ಸೀಳಿಲ್ಲದೆ ಇಡಿಯಾಗಿರುತ್ತದೆ.

ಇಷ್ಟೆಲ್ಲ ನೋಡಿದರೂ ಹೆಸರು ಸಿಗದ ಹೂಗಳಿವೆ. ಅದರಲ್ಲಿ ನೋಡುವವರ ತಪ್ಪಿಲ್ಲ. ಟರಾಕ್ಸಕಮ್, ಹೈರೇಸಿಯಂ ಎಂಬೆರಡು ಜಾತಿಗಳಲ್ಲಿ ಎಷ್ಟೋ ಗಿಡಗಳು ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತವೆ. ಮರಿ ತಾಯಿಯ ಪಡಿಯಚ್ಚು. ಎಲ್ಲೋ ಒಂದು ಸಣ್ಣ ವ್ಯತ್ಯಾಸ ಹುಟ್ಟಿದರೆ ಅದು ಹಾಗೆಯೇ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತದೆ. ಇಂಥ ಪ್ರತಿಯೊಂದು ಎಳೆಗೂ ಒಂದೊಂದು ಹೆಸರಿಟ್ಟು ತಜ್ಞರು ಸಾವಿರಾರು ಸೂಕ್ಷ್ಮಪ್ರಭೇದಗಳನ್ನು ಪಟ್ಟಿಮಾಡಿದ್ದಾರೆ. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮ ಕಂಡುಕೊಂಡ ಗ್ರೆಗರ್ ಮೆಂಡೆಲ್ ಆ ಬಳಿಕ ಕೈಹಾಕಿದ್ದು ಈ ಹಳದಿ ಹೈರೇಸಿಯಂಗಳಿಗೆ. ಪುಟ್ಟ ಪುಟ್ಟ ಕಿರುಹೂಗಳನ್ನು ಬಿಡಿಸುತ್ತ ಅವನ ಕಣ್ಣಿಗೇ ಬಾಧೆಯಾಯಿತು, ಬಟಾಣಿಯಲ್ಲಿ ಸಿಕ್ಕ ಅನುಪಾತ ಇಲ್ಲಿ ಸಿಗಲೇ ಇಲ್ಲ. ಬೀಜ ಹೇಗೆ ಕಟ್ಟುತ್ತಿದೆ ಎಂಬ ಗುಟ್ಟು ತಿಳಿದದ್ದು ಅವನು ತೀರಿಕೊಂಡ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮೆಂಡೆಲನಂಥವನನ್ನೇ ಸೋಲಿಸಿದ ಹೂವಿನ ಮುಂದೆ ನಾವು ಜಾತಿಯ ಹೆಸರಿಗೇ ತೃಪ್ತರಾಗುವುದರಲ್ಲಿ ಅವಮಾನವೇನಿಲ್ಲ.

ಪುಸ್ತಕಗಳ ವಿಷಯಕ್ಕೆ ಬಂದರೆ, ಜೋಸೆಫ್ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ತಂದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಇಂದಿಗೂ ಮೂಲಾಧಾರ. ಮೂರನೆಯ ಸಂಪುಟದಲ್ಲಿ ಈ ಕುಟುಂಬವಿದೆ. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆ 1995ರಲ್ಲಿ ‘ಫ್ಲೋರಾ ಆಫ್ ಇಂಡಿಯಾ’ದ 12 ಮತ್ತು 13ನೆಯ ಸಂಪುಟಗಳನ್ನು ಆಸ್ಟರೇಸಿಗೇ ಮೀಸಲಿಟ್ಟಿತು. ಚಾರಣಿಗರಿಗೆ ನನ್ನ ಸಲಹೆ ಪೊಲುನಿನ್ ಮತ್ತು ಸ್ಟೇಂಟನ್ ಅವರ ‘ಫ್ಲವರ್ಸ್ ಆಫ್ ದ ಹಿಮಾಲಯ’. 1984ರ ಪುಸ್ತಕವಾದ್ದರಿಂದ ಅದರ ಕೆಲವು ಹೆಸರುಗಳು ಈಗ ಬದಲಾಗಿವೆ. ಸೆನೆಸಿಯೊ ಎಂಬ ದೊಡ್ಡ ಜಾತಿಯನ್ನು ವಿಜ್ಞಾನಿಗಳು ಒಡೆಯುತ್ತಲೇ ಬಂದಿದ್ದಾರೆ. 1976ರಲ್ಲಿ ಅಮೆರಿಕದ ಕೆಲವು ಪ್ರಭೇದಗಳು ಪ್ಯಾಕೆರಾ ಆದವು, ಯುರೋಪಿನ ಸೆನೆಸಿಯೊ ಜಾಕೋಬಿಯಾ ಈಗ ಜಾಕೋಬಿಯಾ ವಲ್ಗಾರಿಸ್. ಹೆಸರು ಬದಲಾದರೂ ಗಿಡದ ಲಕ್ಷಣ ಬದಲಾಗದು. ಲಕ್ಷಣ ಬರೆದಿಟ್ಟುಕೊಂಡವರಿಗೆ ಇದರಿಂದ ನಷ್ಟವಿಲ್ಲ.

ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದದ್ದು. ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್ ಇವು ಒಳ್ಳೆಯ ಸಹಾಯಕರು, ಕೆಟ್ಟ ತೀರ್ಪುಗಾರರು. ಅವು ಕಲಿಯುವುದು ಜನ ಹಾಕಿದ ಚಿತ್ರಗಳಿಂದ. ಯುರೋಪ್ ಮತ್ತು ಉತ್ತರ ಅಮೆರಿಕದ ಚಿತ್ರಗಳು ರಾಶಿ ಬಿದ್ದಿವೆ, ಹಿಮಾಲಯದವು ಕಡಿಮೆ. ಅದೂ ಹೂವಿನ ಮುಖದ ಚಿತ್ರಗಳೇ ಹೆಚ್ಚು. ನಾವು ಕೊಡದ ಮಾಹಿತಿಯನ್ನು ಯಂತ್ರ ಎಲ್ಲಿಂದ ತಂದೀತು? ಅದು ಕೊಡುವ ಮೊದಲ ಹೆಸರನ್ನು ಹಾಗೆಯೇ ಒಪ್ಪಿಕೊಂಡು ಹಂಚಿದರೆ ತಪ್ಪು ಹೆಸರೇ ಮುಂದಿನವರಿಗೆ ಪಾಠವಾಗುತ್ತದೆ.

ಹೆಸರು ತಪ್ಪಿದರೆ ಏನು ಮಹಾ ಎನ್ನುವವರಿದ್ದಾರೆ. ಸೆನೆಸಿಯೊ ಗುಂಪಿನ ಅನೇಕ ಗಿಡಗಳಲ್ಲಿ ಯಕೃತ್ತನ್ನು ಹಾಳುಮಾಡುವ ಪೈರೊಲಿಜಿಡೀನ್ ಆಲ್ಕಲಾಯ್ಡುಗಳಿವೆ. ದಕ್ಷಿಣ ಆಫ್ರಿಕಾದಲ್ಲಿ ಗೋಧಿಯೊಂದಿಗೆ ಸೆನೆಸಿಯೊ ಬೆರೆತು, ಅದರ ಹಿಟ್ಟಿನ ಬ್ರೆಡ್ ತಿಂದವರಿಗೆ ಯಕೃತ್ತಿನ ಕಾಯಿಲೆ ಬಂದದ್ದನ್ನು 1920ರಲ್ಲೇ ವೈದ್ಯರು ವರದಿ ಮಾಡಿದ್ದರು. ಇನ್ನೊಂದು ಕಡೆ, ಆಯುರ್ವೇದದ ಪುಷ್ಕರಮೂಲ ಇನುಲಾ ರೆಸಿಮೋಸಾದ ಬೇರು. ಅದೂ ವಾಯವ್ಯ ಹಿಮಾಲಯದ ಹಳದಿ ಹೂವೇ. ಒಂದು ಔಷಧ, ಒಂದು ವಿಷ, ದೂರಕ್ಕೆ ಎರಡೂ ಹಳದಿ.

ಹವಾಮಾನದ ಲೆಕ್ಕಕ್ಕೂ ಸರಿಯಾದ ಗುರುತು ಬೇಕು. ಸ್ವಿಟ್ಜರ್ಲೆಂಡಿನ ಪಿಟ್ಸ್ ಲಿನಾರ್ಡ್ ಶಿಖರವನ್ನು 1835ರಲ್ಲಿ ಏರಿದ ಸಸ್ಯವಿಜ್ಞಾನಿ ಓಸ್ವಾಲ್ಡ್ ಹೇರ್ ತುದಿಯಲ್ಲಿ ಕಂಡದ್ದು ಒಂದೇ ಒಂದು ಹೂಗಿಡ. ಈಗ ಅಲ್ಲಿ ಹತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಯುರೋಪಿನ 302 ಶಿಖರಗಳ ಹಳೆಯ ಹೊಸ ಪಟ್ಟಿಗಳನ್ನು ಹೋಲಿಸಿ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ತಾಪ ಏರಿದಂತೆ ಗಿಡಗಳು ಮೇಲೇರುವ ವೇಗವೂ ಏರುತ್ತಿದೆ ಎಂದು ತೋರಿಸಿತು. ಎಷ್ಟೋ ವರ್ಷಗಳ ಹಿಂದೆ ಯಾರೋ ಒಬ್ಬರು ಶಿಖರದ ಮೇಲೆ ಚಳಿಯಲ್ಲಿ ಕೂತು ಸರಿಯಾದ ಹೆಸರು ಬರೆದಿಟ್ಟಿದ್ದರಿಂದ ಈ ಹೋಲಿಕೆ ಸಾಧ್ಯವಾಯಿತು. ಹಿಮಾಲಯದಲ್ಲಿ ನಮಗೆ ಅಂಥ ಹಳೆಯ ಪಟ್ಟಿಗಳು ಬಲು ಕಡಿಮೆ. 1931ರಲ್ಲಿ ಕಾಮೇಟ್ ಶಿಖರದಿಂದ ಇಳಿಯುತ್ತ ಹೂವುಗಳ ಕಣಿವೆಗೆ ಬಂದ ಪರ್ವತಾರೋಹಿ ಫ್ರಾಂಕ್ ಸ್ಮೈತ್ 1937ರಲ್ಲಿ ಮತ್ತೆ ಬಂದು ಗಿಡಗಳನ್ನು ಸಂಗ್ರಹಿಸಿದ. 1939ರಲ್ಲಿ ಅದೇ ಕೆಲಸಕ್ಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಬಂಡೆಯಿಂದ ಜಾರಿ ಅಲ್ಲೇ ಪ್ರಾಣ ಬಿಟ್ಟರು. ಇಂದು ವರ್ಷಕ್ಕೆ ಸಾವಿರಾರು ಚಾರಣಿಗರು ಆ ದಾರಿಯಲ್ಲಿ ನಡೆಯುತ್ತಾರೆ. ಕರ್ನಾಟಕದವರೂ ಅವರಲ್ಲಿ ಸಾಕಷ್ಟು ಮಂದಿ. ಅವರ ಕೈಯಲ್ಲಿರುವ ಮೊಬೈಲು ಸರಿಯಾಗಿ ಬಳಕೆಯಾದರೆ ಆ ಕೊರತೆ ತುಂಬಿಕೊಳ್ಳಬಹುದು.

ಕಣಿವೆ 1982ರಿಂದ ರಾಷ್ಟ್ರೀಯ ಉದ್ಯಾನ, 2005ರಿಂದ ವಿಶ್ವ ಪರಂಪರೆಯ ತಾಣ. ಒಂದು ಎಲೆಯನ್ನೂ ಕೀಳುವಂತಿಲ್ಲ, ಕೀಳುವ ಅಗತ್ಯವೂ ಇಲ್ಲ. ಈ ಸಲ ಹೋದಾಗ ಹಳದಿ ಹೂ ಕಂಡರೆ ಮುಖದ ಚಿತ್ರ ತೆಗೆದ ಮೇಲೆ ದಯವಿಟ್ಟು ಮಂಡಿಯೂರಿ ಕೂತುಕೊಳ್ಳಿ. ಹೂವಿನ ಬೆನ್ನು, ಕಾಂಡದ ಮೇಲೆ ಎಲೆ ಕೂತ ರೀತಿ, ಬುಡದ ಎಲೆಯ ಮೇಲ್ಮೈ ಮತ್ತು ಅಡಿಭಾಗ, ಬಲಿತ ಕಾಯಿ ಇದ್ದರೆ ಅದರ ಕುಚ್ಚು, ಕೊನೆಗೆ ಗಿಡ ನಿಂತ ಜಾಗ, ಇವುಗಳ ಚಿತ್ರ ತೆಗೆಯಿರಿ. ದಿನಾಂಕ ಮತ್ತು ಎತ್ತರವನ್ನು ಜೊತೆಗೆ ಬರೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಪ್ರಭೇದ ಖಚಿತವಾಗದಿದ್ದರೆ ಊಹಿಸಬೇಡಿ, ‘ಕ್ರೆಮ್ಯಾಂಥೋಡಿಯಂ, ಪ್ರಭೇದ ತಿಳಿಯದು’ ಎಂದಷ್ಟೇ ಬರೆಯಿರಿ. ಚಿತ್ರಗಳು ಸರಿಯಾಗಿದ್ದರೆ ಮುಂದೊಂದು ದಿನ ಬಲ್ಲವರು ಅದಕ್ಕೆ ಹೆಸರು ಕೊಡುತ್ತಾರೆ.